ಒರೆಯನ್ನೇ ಒರೆಗೆ ಹಚ್ಚಿದಾಗ

ಕನ್ನಡದಲ್ಲಿ ‘ಒರೆ’ ಎಂಬ ಪುಟ್ಟ ಮಾತಿಗೆ ಎರಡು ಅರ್ಥ. ಕತ್ತಿಯನ್ನು ಇಡುವ ಕವಚವೂ ಒರೆಯೇ, ಅಕ್ಕಸಾಲಿಗ ಕಲ್ಲಿನ ಮೇಲೆ ಚಿನ್ನವನ್ನು ಉಜ್ಜಿ ನೋಡುವ ಪರೀಕ್ಷೆಯೂ ಒರೆಯೇ. ಕವಚವನ್ನೇ ಪರೀಕ್ಷೆಗೆ ಒಡ್ಡುವ ಪ್ರಸಂಗ ಬಂದರೆ ಒರೆಯನ್ನೇ ಒರೆಗೆ ಹಚ್ಚಬೇಕಾಗುತ್ತದೆ. ರಿವಾಲ್ವರ್ ಇಡುವ ಹಳೆಯ ತೊಗಲಿನ ಒರೆ, ಅಂದರೆ ಹೋಲ್‌ಸ್ಟರ್, ಅಂಥ ಒಂದು ವಸ್ತು.

ಅಮೆರಿಕದಲ್ಲಿ ಇವುಗಳನ್ನು ಸಂಗ್ರಹಿಸುವವರು ಬಹಳ. ತಯಾರಕನ ಮುದ್ರೆ ಇದ್ದರೆ ಕೆಲಸ ಸುಲಭ. ಹೆಸರು ಓದಿ, ಊರು ಓದಿ, ಆ ಅಂಗಡಿ ಯಾವಾಗ ಇತ್ತು ಎಂದು ಪುಸ್ತಕದಲ್ಲಿ ಹುಡುಕಿದರೆ ಮುಗಿಯಿತು. ಮುದ್ರೆಯೇ ಇಲ್ಲದ ಒರೆ ಕೈಗೆ ಬಂದಾಗ ಮಾತ್ರ ನಿಜವಾದ ಪರೀಕ್ಷೆ ಆರಂಭ. ಆಗ ಹೇಳುವವರು ಯಾರೂ ಇಲ್ಲ. ತೊಗಲು, ದಾರ, ಹಿತ್ತಾಳೆ ಇವನ್ನೇ ಕೇಳಬೇಕು. ಪ್ರಯೋಗಶಾಲೆಯಲ್ಲಿ ಹೆಸರಿಲ್ಲದ ಲವಣವನ್ನು ಗುರುತಿಸಲು ಹೊರಟ ವಿದ್ಯಾರ್ಥಿಯ ಸ್ಥಿತಿಯೂ ಇದೇ.

ಹೆಸರು ಏಕಿಲ್ಲ?

ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದ ಪೇಟೆಂಟ್ ಪಡೆದದ್ದು 1836ರಲ್ಲಿ. ಆಯುಧ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಅದರ ಒರೆಯನ್ನು ಹೆಚ್ಚಾಗಿ ಹೊಲಿಯುತ್ತಿದ್ದವನು ಊರಿನ ಜೀನುಗಾರ. ಕುದುರೆಯ ಜೀನು, ಲಗಾಮು ಹೊಲಿಯುವ ಕೈಯೇ ಅದೇ ದಪ್ಪ ತೊಗಲಿನಲ್ಲಿ ಒರೆಯನ್ನೂ ಹೊಲಿಯುತ್ತಿತ್ತು. ಡೆನ್ವರಿನ ಹೈಸರ್, ಷೈಯನ್ನಿನ ಮೀನಿಯ, ಪ್ವೆಬ್ಲೊದ ಫ್ರೇಜರ್, ಪೋರ್ಟ್‌ಲೆಂಡಿನ ಲಾರೆನ್ಸ್ ಮುಂತಾದ ದೊಡ್ಡ ಅಂಗಡಿಗಳು ತಮ್ಮ ಮುದ್ರೆ ಒತ್ತುತ್ತಿದ್ದವು. ಸಣ್ಣ ಊರಿನ ಜೀನುಗಾರನಿಗೆ ಅದರ ಅಗತ್ಯವೇ ಇರಲಿಲ್ಲ. ಕೊಳ್ಳುವವನಿಗೆ ಅವನು ಗೊತ್ತು, ಅವನಿಗೆ ಕೊಳ್ಳುವವನು ಗೊತ್ತು. ನಮ್ಮ ಊರಿನ ಕುಂಬಾರ ಮಡಕೆಯ ತಳದಲ್ಲಿ ತನ್ನ ಹೆಸರು ಬರೆಯುತ್ತಿದ್ದನೇ? ಅಂಚೆಯ ಮೂಲಕ ಮಾರುತ್ತಿದ್ದ ದೊಡ್ಡ ವ್ಯಾಪಾರ ಸಂಸ್ಥೆಗಳೂ ಹೆಸರಿಲ್ಲದ ಅಗ್ಗದ ಒರೆಗಳನ್ನು ಬೇಕಾದಷ್ಟು ಕಳಿಸಿದವು.

ಮುದ್ರೆ ಇದ್ದೂ ಕಾಣದಿರುವುದೂ ಉಂಟು. ಆದ್ದರಿಂದ ಮೊದಲ ಕೆಲಸ, ಸರಿಯಾಗಿ ನೋಡುವುದು. ಕತ್ತಲ ಕೋಣೆಯಲ್ಲಿ ಟಾರ್ಚನ್ನು ತೀರಾ ಓರೆಯಾಗಿ ಹಿಡಿದರೆ ಸವೆದ ಅಕ್ಷರಗಳ ತಗ್ಗಿನಲ್ಲಿ ನೆರಳು ಬಿದ್ದು ಅವು ಎದ್ದು ಕಾಣುತ್ತವೆ. ಬೆಲ್ಟ್ ತೂರಿಸುವ ಪಟ್ಟಿಯ ಹಿಂಬದಿ, ಮುಚ್ಚಳದ ಒಳಮೈ, ಬೆನ್ನಿನ ಭಾಗ, ಇವು ಮುದ್ರೆ ಅಡಗುವ ಜಾಗಗಳು. ಬೆನ್ನಿನಲ್ಲಿ ಬರೀ ಅಂಕಿ ಕಂಡರೆ ಅದನ್ನು ಇಸವಿ ಎಂದು ಭಾವಿಸಬಾರದು. ಸಾಮಾನ್ಯವಾಗಿ ಅದು ಅಂಗಡಿಯ ಮಾದರಿ ಸಂಖ್ಯೆ, ಇಲ್ಲವೇ ನಳಿಗೆಯ ಉದ್ದದ ಅಂಗುಲ.

ಇನ್ನು ಕೆಲವು ಮುದ್ರೆಗಳು ಮಾಡಿದವನದಲ್ಲ, ಒಡೆಯನದು. ಅಮೆರಿಕದ ಸೈನ್ಯದ ಒರೆಗಳ ಮುಚ್ಚಳದ ಮೇಲೆ ‘ಯು.ಎಸ್.’ ಎಂಬ ಅಕ್ಷರಗಳಿರುತ್ತವೆ. ಬ್ರಿಟಿಷ್ ಸರ್ಕಾರದ ಸೊತ್ತಿನ ಮೇಲೆ ಅಗಲ ಬಾಣದ ಗುರುತು. ಅದರ ಜೊತೆಗೆ ‘ಐ’ ಅಕ್ಷರವೂ ಇದ್ದರೆ ಅದು ಬ್ರಿಟಿಷ್ ಭಾರತದ ಸರ್ಕಾರದ್ದು. ನಮ್ಮ ದೇಶದ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಒರೆಯೊಂದು ಸಿಕ್ಕರೆ ಮೊದಲು ಹುಡುಕಬೇಕಾದದ್ದು ಈ ಬಾಣವನ್ನೇ. ಸೊಂಟದ ಬೆಲ್ಟಿಗೆ ಹೆಗಲ ಮೇಲಿಂದ ಅಡ್ಡಪಟ್ಟಿ ಸೇರಿಸಿದ ‘ಸ್ಯಾಮ್ ಬ್ರೌನ್’ ಬೆಲ್ಟ್ ಹುಟ್ಟಿದ್ದೂ ಭಾರತದಲ್ಲಿಯೇ. ಬ್ಯಾರಕ್‌ಪುರದಲ್ಲಿ ಜನಿಸಿದ ಸ್ಯಾಮ್ಯುಯೆಲ್ ಬ್ರೌನ್ ಎಂಬ ಸೇನಾಧಿಕಾರಿ 1858ರಲ್ಲಿ ಉತ್ತರ ಭಾರತದ ಕಾಳಗವೊಂದರಲ್ಲಿ ಎಡಗೈ ಕಳೆದುಕೊಂಡ. ಕತ್ತಿಯ ಒರೆಯನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲವಲ್ಲ! ಅದಕ್ಕೆಂದು ಆತ ಕಂಡುಕೊಂಡ ಉಪಾಯ ಈ ಪಟ್ಟಿ. ಮುಂದೆ ಅದು ಅನೇಕ ದೇಶಗಳ ಸೈನ್ಯ, ಪೊಲೀಸರ ಮೈಮೇಲೆ ಬಂತು. ತೊಗಲಿನ ಒಂದು ಪಟ್ಟಿಯ ಹಿಂದೆಯೂ ಒಂದು ಕಾರಣ ಇರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಅಜ್ಜಿಯ ಕಥೆ, ತೊಗಲಿನ ಕಥೆ

ಪರೀಕ್ಷೆಯ ಕ್ರಮ ತಿಳಿಯಲು ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಕೊಲೊರಾಡೊ ರಾಜ್ಯದ ಒಂದು ಸಣ್ಣ ಊರು. ಅಜ್ಜ ತೀರಿಕೊಂಡಿದ್ದಾನೆ. ಪೆಟ್ಟಿಗೆಯಲ್ಲಿ ಒಂದು ಬರಿಯ ಒರೆ. ರಿವಾಲ್ವರ್ ಇಲ್ಲ, ಮುದ್ರೆಯೂ ಇಲ್ಲ. “ಇದು ನಿನ್ನ ಅಜ್ಜನ ಅಜ್ಜನದು ಕಣೋ. 1880ರಲ್ಲಿ ಅವರು ಷೆರೀಫ್ ಆಗಿದ್ದರು” ಎನ್ನುತ್ತಾಳೆ ಅಜ್ಜಿ. ಮೊಮ್ಮಗ ಪ್ರೌಢಶಾಲೆಯ ಹುಡುಗ. ಅವನಿಗೆ ಅಜ್ಜಿಯ ಮೇಲೆ ಪ್ರೀತಿ, ತೊಗಲಿನ ಮೇಲೆ ಕುತೂಹಲ. ಒರೆಯನ್ನು ಮಾರಿ ಅವನ ಓದಿಗೆ ಸಹಾಯ ಮಾಡಬೇಕೆಂಬುದು ಅಜ್ಜಿಯ ಆಸೆ. ಷೆರೀಫನ ಒರೆ ಎಂದರೆ ಒಂದು ಬೆಲೆ, ಬರೀ ಹಳೆಯ ಒರೆ ಎಂದರೆ ಇನ್ನೊಂದು ಬೆಲೆ.

ಹುಡುಗ ಮೊದಲು ನೋಡಬೇಕಾದದ್ದು ಆಕಾರ. ಒರೆಯ ತೊಗಲನ್ನು ನೆನೆಸಿ, ಆಯುಧದ ಅಳತೆಗೆ ಒತ್ತಿ ಒಣಗಿಸುತ್ತಾರೆ. ಮೇಲಾಗಿ ವರ್ಷಗಟ್ಟಲೆ ಒಳಗಿದ್ದ ಆಯುಧ ತನ್ನ ಅಚ್ಚನ್ನು ಬಿಟ್ಟುಹೋಗಿರುತ್ತದೆ. ಅಚ್ಚನ್ನು ಅಳೆದರೆ ನಳಿಗೆಯ ಉದ್ದ ಸಿಗುತ್ತದೆ. 1873ರಲ್ಲಿ ಬಂದ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರಿನ ಸಾಮಾನ್ಯ ನಳಿಗೆಗಳು ನಾಲ್ಕೂಮುಕ್ಕಾಲು, ಐದೂವರೆ ಮತ್ತು ಏಳೂವರೆ ಅಂಗುಲ. ಹುಡುಗನ ಒರೆಯಲ್ಲಿ ಸಿಕ್ಕ ಅಳತೆ ನಾಲ್ಕು ಅಂಗುಲ ಎನ್ನೋಣ. ಜೊತೆಗೆ ನಳಿಗೆಯ ಅಡಿಭಾಗ ಬರುವ ಜಾಗದಲ್ಲಿ ಸಣ್ಣದೊಂದು ಉಬ್ಬು. ಸ್ಮಿತ್ ಅಂಡ್ ವೆಸನ್ ಕಂಪನಿಯ ‘ಮಿಲಿಟರಿ ಅಂಡ್ ಪೊಲೀಸ್’ ಮಾದರಿ ಬಂದದ್ದು 1899ರಲ್ಲಿ. ಖಾಲಿ ತೋಟಾ ಹೊರದೂಡುವ ಕಡ್ಡಿಯ ತುದಿಗೆ ಆಸರೆಯಾಗಿ ನಳಿಗೆಯ ಕೆಳಗೆ ಒಂದು ಗುಬುಟು ಸೇರಿದ್ದು 1902ರ ಮಾದರಿಯಲ್ಲಿ. ಉಬ್ಬು ಆ ಗುಬುಟಿನದೇ ಆದರೆ ಒರೆ 1902ಕ್ಕಿಂತ ಹಿಂದಿನದಾಗಲಾರದು. ಷೆರೀಫನ ಕಥೆಗೆ ಮೊದಲ ಪೆಟ್ಟು ಇಲ್ಲೇ ಬಿತ್ತು.

ಎರಡನೆಯದು ಹೊಲಿಗೆ. ಕೈಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಇರುತ್ತವೆ. ದಬ್ಬಳದಿಂದ ಚುಚ್ಚಿದ ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾರ ಹಾದುಹೋಗುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಬೇರೆ ಬೇರೆ. ಎರಡೂ ತೊಗಲಿನ ನಡುವೆ ಕೊಂಡಿ ಹಾಕಿಕೊಳ್ಳುತ್ತವೆ. ಭೂತಗನ್ನಡಿ ಹಿಡಿದರೆ ಇದು ಗೊತ್ತಾಗುತ್ತದೆ. ಕೈಹೊಲಿಗೆ ಎಂದ ಮಾತ್ರಕ್ಕೆ ಹಳೆಯದು ಎನ್ನುವಂತಿಲ್ಲ. ಇಂದಿಗೂ ಕೈಯಲ್ಲಿ ಹೊಲಿಯುವವರಿದ್ದಾರೆ. ದಾರ ಯಾವುದು ಎಂಬುದು ಇನ್ನಷ್ಟು ಮುಖ್ಯ. ಡ್ಯೂಪಾಂಟ್ ಕಂಪನಿಯಲ್ಲಿ ವಾಲೆಸ್ ಕ್ಯಾರದರ್ಸ್ ನೈಲಾನನ್ನು ತಯಾರಿಸಿದ್ದು 1935ರಲ್ಲಿ. ನೈಲಾನ್ ದಾರ ಕಂಡರೆ ಒರೆ, ಕೊನೆಯ ಪಕ್ಷ ಅದರ ಹೊಲಿಗೆ, ಅದಕ್ಕಿಂತ ಈಚಿನದು. ನೋಟು ಪರೀಕ್ಷಿಸುವ ನೇರಳಾತೀತ ದೀಪದಡಿ ದಾರ ನೀಲಿಯಾಗಿ ಹೊಳೆದರೂ ಅನುಮಾನ ಪಡಬೇಕು. ಬಟ್ಟೆಗೆ ಬೆಳ್ಳನೆಯ ಹೊಳಪು ಕೊಡುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು 1940ರ ದಶಕದ ನಂತರ. ಹುಡುಗನ ಒರೆಯದು ಯಂತ್ರದ ಹೊಲಿಗೆ; ದಾರ ಹೊಳೆಯಲಿಲ್ಲ.

ಮೂರನೆಯದು ಲೋಹ. ಇಲ್ಲಿ ಒಂದು ಸಣ್ಣ ಅಯಸ್ಕಾಂತ ದೊಡ್ಡ ಪಂಡಿತನ ಕೆಲಸ ಮಾಡುತ್ತದೆ. ಹಿತ್ತಾಳೆಯನ್ನು ಅದು ಹಿಡಿಯುವುದಿಲ್ಲ. ಹಿತ್ತಾಳೆಯ ಬಣ್ಣ ಲೇಪಿಸಿದ ಉಕ್ಕನ್ನು ಹಿಡಿಯುತ್ತದೆ. ಒತ್ತಿ ಹಾಕುವ ಟಿಚ್ ಬಟನ್ನಿಗೆ ಜರ್ಮನಿಯ ಹೆರಿಬರ್ಟ್ ಬೌವರ್ ಪೇಟೆಂಟ್ ಪಡೆದದ್ದು 1885ರಲ್ಲಿ. ಆದ್ದರಿಂದ ಟಿಚ್ ಬಟನ್ ಇರುವ ಒರೆ 1880ರದು ಎಂಬ ಮಾತು ನಿಲ್ಲುವುದಿಲ್ಲ. ನೀಲಿ ಛಾಯೆಯ ಕ್ರೋಮಿಯಂ ಲೇಪದ ಬಕಲ್ ಇದ್ದರೆ ಅದು 1920ರ ದಶಕದ ನಡುವಿನಿಂದ ಈಚಿನದು. ನಿಕಲ್ ಲೇಪಕ್ಕೆ ತುಸು ಹಳದಿ ಛಾಯೆ ಇರುತ್ತದೆ, ಅದು ಇನ್ನೂ ಹಳೆಯ ವಿದ್ಯೆ. ಅಯಸ್ಕಾಂತ ತೊಗಲಿಗೇ ಅಂಟಿಕೊಂಡರೆ ಮತ್ತೊಂದು ಸ್ವಾರಸ್ಯ. ಒಳಗೆ ಉಕ್ಕಿನ ತಗಡು ಹೊದಿಸಿದ, ತೊಡೆಯ ಮೇಲೆ ಇಳಿಬಿದ್ದ ಒರೆಗಳು 1950ರ ದಶಕದ ಹಾಲಿವುಡ್ ಚಿತ್ರಗಳಿಗಾಗಿ ಬೆಳೆದವು. ಮಿಂಚಿನಂತೆ ರಿವಾಲ್ವರ್ ಸೆಳೆಯುವ ದೃಶ್ಯಗಳಿಗೆ ಅವು ಬೇಕಾಗಿದ್ದವು. ನಿಜವಾದ ದನಗಾಹಿಗಳ ಕಾಲದ ಒರೆ ಸೊಂಟದಲ್ಲಿ ಮೇಲಕ್ಕೆ ಕೂರುತ್ತಿತ್ತು, ಆಯುಧವನ್ನು ಆಳವಾಗಿ ನುಂಗಿಕೊಳ್ಳುತ್ತಿತ್ತು. ಕುದುರೆ ಓಡುವಾಗ ರಿವಾಲ್ವರ್ ಬೀಳಬಾರದು ಎಂಬುದೇ ಅವರ ಚಿಂತೆ. ತೆರೆಯ ಮೇಲೆ ಕಂಡದ್ದನ್ನೇ ಚರಿತ್ರೆ ಎಂದು ನಂಬಿದವರು ಇಲ್ಲಿ ಎಡವುತ್ತಾರೆ.

ತೊಗಲಿನ ರಸಾಯನ

ನಾಲ್ಕನೆಯ ಸಾಕ್ಷಿ ತೊಗಲು. ಹಸಿ ಚರ್ಮ ಕೊಳೆಯದಂತೆ ಹದ ಮಾಡುವ ಹಳೆಯ ಕ್ರಮದಲ್ಲಿ ಮರದ ತೊಗಟೆಯ ಒಗರು, ಅಂದರೆ ಟ್ಯಾನಿನ್, ಬೇಕು. ಅಮೆರಿಕದಲ್ಲಿ ಓಕ್, ಹೆಮ್ಲಾಕ್ ಮರಗಳ ತೊಗಟೆ ಬಳಸಿದರೆ ನಮ್ಮಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಬಳಸುತ್ತಿದ್ದರು. ಕ್ರೋಮಿಯಂ ಲವಣಗಳಿಂದ ಬೇಗ ಹದ ಮಾಡುವ ವಿಧಾನಕ್ಕೆ ಆಗಸ್ಟಸ್ ಷುಲ್ಜ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1884ರಲ್ಲಿ. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ತೊಗಟೆಯಲ್ಲಿ ಹದವಾದದ್ದು ಒಳಗೂ ಕಂದು. ಕ್ರೋಮಿಯಂನಲ್ಲಿ ಹದವಾದದ್ದರ ಒಳಗೆ ನೀಲಿ ಬೂದು ಛಾಯೆ ಕಾಣಬಹುದು. ಒತ್ತಿದ ಆಕಾರವನ್ನು ಚೆನ್ನಾಗಿ ಹಿಡಿದುಕೊಳ್ಳುವುದು ತೊಗಟೆಯ ತೊಗಲು. ಒಳ್ಳೆಯ ಒರೆಗಳೆಲ್ಲ ಹೆಚ್ಚಾಗಿ ಅದರಲ್ಲೇ ಆದವು.

ಒರೆಯ ಒಳಗೆ ಕಪ್ಪು ಕಲೆ ಇದ್ದರೆ ಕೊಳೆ ಎಂದು ಉಜ್ಜಬಾರದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಶಾಯಿ ಮಾಡುತ್ತಿದ್ದ ಕ್ರಮ ಹಿರಿಯರಿಗೆ ಗೊತ್ತು. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಕಪ್ಪು. ಒರೆಯೊಳಗೂ ಅದೇ ಕ್ರಿಯೆ ನಡೆದಿದೆ: ತೊಗಲಿನ ಒಗರು, ರಿವಾಲ್ವರಿನ ಕಬ್ಬಿಣ, ಮಳೆಯ ಅಥವಾ ಬೆವರಿನ ತೇವ. ಇಲ್ಲಿ ನಿಜವಾಗಿ ಒಂದು ಆಯುಧ ಬಹಳ ಕಾಲ ಇತ್ತು ಎಂಬುದಕ್ಕೆ ಆ ಕಲೆ ಒಳ್ಳೆಯ ಸೂಚನೆ. ಹಿತ್ತಾಳೆಯ ರಿವೆಟ್ ಸುತ್ತ ಹಸಿರು ಮೇಣದಂಥ ಕಿಲುಬು ಕಂಡರೆ, ತೊಗಲಿಗೆ ಹಚ್ಚಿದ ಕೊಬ್ಬಿನ ಆಮ್ಲ ತಾಮ್ರದೊಡನೆ ಸೇರಿ ಆದ ಸಾಬೂನು ಅದು. ಕೆಂಪು ಪುಡಿ ಉದುರುತ್ತಿದ್ದರೆ ಅದು ‘ಕೆಂಪು ಕೊಳೆತ’. ಗಾಳಿಯ ಗಂಧಕದ ಆಮ್ಲ ತೊಗಲನ್ನು ತಿಂದದ್ದು. 1843ರಷ್ಟು ಹಿಂದೆಯೇ ಮೈಕೆಲ್ ಫ್ಯಾರಡೆ ಲಂಡನ್ನಿನ ಅಥೀನಿಯಂ ಕ್ಲಬ್ಬಿನಲ್ಲಿ ತೊಗಲು ಹಾಳಾಗುತ್ತಿದ್ದುದಕ್ಕೆ ಗ್ಯಾಸ್ ದೀಪದಿಂದ ಬಂದ ಗಂಧಕವೇ ಕಾರಣ ಎಂದು ಹೇಳಿದ್ದ.

ಇಷ್ಟೆಲ್ಲ ತಾಪತ್ರಯ ಏಕೆ, ಕಾರ್ಬನ್-14 ಪರೀಕ್ಷೆ ಮಾಡಿಸಿದರೆ ಸಾಲದೇ ಎಂದು ಜಾಣ ಹುಡುಗರು ಕೇಳುತ್ತಾರೆ. ಸಾಲದು. ಸುಮಾರು 1650ರಿಂದ 1950ರವರೆಗಿನ ಕಾಲದಲ್ಲಿ ವಾತಾವರಣದ ಕಾರ್ಬನ್-14 ಏರಿಳಿದಿರುವುದರಿಂದ ಒಂದೇ ಅಳತೆಗೆ ಹಲವು ಇಸವಿಗಳು ಹೊಂದುತ್ತವೆ. 1880 ಮತ್ತು 1930ನ್ನು ಅದು ಬೇರ್ಪಡಿಸಲಾರದು. 1950ರ ದಶಕದಿಂದ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಿತು; ಹಾಗಾಗಿ ಅನಂತರದ ತೊಗಲನ್ನು ಅದು ಹಿಡಿದು ಕೊಡಬಲ್ಲದು. ಆದರೆ ಅದಕ್ಕೆ ತೊಗಲಿನ ತುಣುಕು ಕತ್ತರಿಸಬೇಕು, ಖರ್ಚೋ ಒರೆಯ ಬೆಲೆಯನ್ನೇ ಮೀರೀತು. ದೊಡ್ಡ ಉಪಕರಣಕ್ಕಿಂತ ಸರಿಯಾದ ಪ್ರಶ್ನೆ ಮೇಲು.

ಸಾಕ್ಷಿಗಳನ್ನೆಲ್ಲ ಕೂಡಿಸಿದರೆ ಹುಡುಗನಿಗೆ ಸಿಗುವ ಉತ್ತರ: ಬಹುಶಃ 1902ರಿಂದ 1940ರ ದಶಕದ ನಡುವಿನದು. 1880ರ ಷೆರೀಫನದಂತೂ ಅಲ್ಲ. ಅಜ್ಜಿಯ ಮುಖ ಬಾಡುತ್ತದೆ, ನಿಜ. ಆದರೆ ಕಥೆ ಅಲ್ಲಿಗೇ ಮುಗಿಯಬೇಕಾಗಿಲ್ಲ. “ಹಾಗಾದರೆ ಈ ಕಾಲದಲ್ಲಿ ನಮ್ಮ ಮನೆಯಲ್ಲಿ ರಿವಾಲ್ವರ್ ಇಟ್ಟುಕೊಂಡಿದ್ದವರು ಯಾರು ಅಜ್ಜಿ?” ಎಂದು ಹುಡುಗ ಕೇಳಿದರೆ, ಗಿರಣಿಯಲ್ಲಿ ರಾತ್ರಿ ಕಾವಲಿಗಿದ್ದ ಮುತ್ತಜ್ಜನ ನೆನಪು ಹೊರಬರಬಹುದು. ಷೆರೀಫನ ಕಥೆಯ ನೆರಳಿನಲ್ಲಿ ಅದುವರೆಗೆ ಅವನನ್ನು ಯಾರೂ ಕೇಳಿಯೇ ಇರಲಿಲ್ಲ. ಸುಳ್ಳು ಹಿರಿಮೆಯೊಂದು ಹೋದಾಗ ನಿಜವಾದ ಮನುಷ್ಯನೊಬ್ಬ ಮನೆಗೆ ಮರಳಿ ಬರುತ್ತಾನೆ.

ಬೆಲೆ ಕಟ್ಟುವ ಬಗೆ

ಇನ್ನು ಬೆಲೆಯ ಮಾತು. ಕೊಳ್ಳಲೇಬೇಕೆಂಬ, ಮಾರಲೇಬೇಕೆಂಬ ಒತ್ತಾಯವಿಲ್ಲದ, ವಸ್ತುವಿನ ವಿಚಾರ ತಿಳಿದ ಇಬ್ಬರು ಒಪ್ಪುವ ಹಣವೇ ನ್ಯಾಯವಾದ ಮಾರುಕಟ್ಟೆ ಬೆಲೆ. ಅಂಗಡಿಯವನು ಚೀಟಿಯಲ್ಲಿ ಬರೆದದ್ದು ಬೆಲೆಯಲ್ಲ, ಅದು ಅವನ ಆಸೆ. ನಿಜವಾಗಿ ಮಾರಾಟವಾದ ಮೊತ್ತಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಲೆಕ್ಕಕ್ಕಾಗಿ ಐದು ಮಾರಾಟಗಳನ್ನು ಊಹಿಸಿಕೊಳ್ಳಿ: 60, 75, 80, 85 ಮತ್ತು 400 ಡಾಲರ್. ಸರಾಸರಿ ತೆಗೆದರೆ 140. ಆದರೆ ಐದರಲ್ಲಿ ನಾಲ್ಕು ಒರೆಗಳು ನೂರರ ಗಡಿಯನ್ನೇ ಮುಟ್ಟಿಲ್ಲ! ಕ್ರಮವಾಗಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ 80. ಗಣಿತದ ಪುಸ್ತಕದ ‘ಮಧ್ಯಾಂಕ’ ಏಕೆ ಬೇಕು ಎಂದು ಕೇಳುವವರಿಗೆ ಇದೇ ಉತ್ತರ. 400 ಡಾಲರಿನ ಒರೆಗೆ ಬಹುಶಃ ಹೈಸರ್ ಮುದ್ರೆ ಇತ್ತು, ಹೆಸರಿಲ್ಲದ ಒರೆಯನ್ನು ಅದರ ಪಕ್ಕದಲ್ಲಿ ನಿಲ್ಲಿಸುವುದೇ ತಪ್ಪು.

ನಡುವಿನ ಬೆಲೆಯಿಂದ ಹೊರಟು, ಸ್ಥಿತಿಯನ್ನು ನೋಡಿ ಏರಿಸಬೇಕು ಅಥವಾ ಇಳಿಸಬೇಕು. ಹೊಲಿಗೆ ಬಿಟ್ಟಿದೆಯೇ, ಮುಚ್ಚಳವನ್ನು ಯಾರಾದರೂ ಕತ್ತರಿಸಿದ್ದಾರೆಯೇ, ಕೆಂಪು ಪುಡಿ ಉದುರುತ್ತಿದೆಯೇ ಎಂಬುದು ಮುಖ್ಯ. ಸಾಮಾನ್ಯ ಅಳತೆಗಿಂತ ಅಪರೂಪದ ಆಯುಧಕ್ಕೆ ಹೊಂದುವ ಒರೆಗೆ ಬೇಡಿಕೆ ಹೆಚ್ಚು. ಎಲ್ಲಕ್ಕಿಂತ ಮಿಗಿಲಾದದ್ದು ದಾಖಲೆ. ಷೆರೀಫ್ ಪ್ಯಾಟ್ ಗ್ಯಾರೆಟ್ 1881ರಲ್ಲಿ ‘ಬಿಲ್ಲಿ ದ ಕಿಡ್’ ಎಂಬ ಕುಖ್ಯಾತನನ್ನು ಕೊಂದ ಕೋಲ್ಟ್ ರಿವಾಲ್ವರ್ 2021ರ ಆಗಸ್ಟಿನಲ್ಲಿ ಬಾನಮ್ಸ್ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಮೇಲಕ್ಕೆ ಹೋಯಿತು. ನೋಡಲು ಅದು ಸಾವಿರಾರು ರಿವಾಲ್ವರ್‌ಗಳಲ್ಲಿ ಒಂದು. ಗ್ಯಾರೆಟ್ ಅದನ್ನು ಎಲ್ ಪಾಸೊ ಊರಿನ ಒಬ್ಬನಿಗೆ ಕೊಟ್ಟಿದ್ದ. ಆತ ಸತ್ತ ಮೇಲೆ ಗ್ಯಾರೆಟ್‌ನ ವಿಧವೆ 1930ರ ದಶಕದಲ್ಲಿ ನ್ಯಾಯಾಲಯಕ್ಕೆ ಹೋಗಿ ಮರಳಿ ಪಡೆದಳು. ಆ ವ್ಯಾಜ್ಯದ ಕಾಗದಗಳೇ ಕೈಯಿಂದ ಕೈಗೆ ಹೋದ ದಾರಿಯನ್ನು ಹೇಳುತ್ತವೆ. ಕೋಟ್ಯಂತರ ಹಣ ಬಂದದ್ದು ಬರೀ ಕಬ್ಬಿಣಕ್ಕಲ್ಲ, ಮುರಿಯದ ಸಾಕ್ಷಿಯ ಸರಪಳಿಗೆ. ಅಜ್ಜಿಯ ಬಳಿ ಮುತ್ತಜ್ಜ ಒರೆ ಧರಿಸಿ ನಿಂತ ಒಂದು ಮಾಸಿದ ಫೋಟೋ ಇದ್ದರೂ ಸಾಕು, ಒರೆಯ ಬೆಲೆ ಏರುತ್ತದೆ. ಬರಿಯ ಮಾತನ್ನು ಮಾತ್ರ ಮಾರುಕಟ್ಟೆ ನಂಬುವುದಿಲ್ಲ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ’ ಎಂಬ ಗಾದೆ ಅಲ್ಲಿಯವರಿಗೆ ಗೊತ್ತಿಲ್ಲದಿರಬಹುದು, ಅದರ ತಿರುಳು ಚೆನ್ನಾಗಿ ಗೊತ್ತು.

ಕೆಡಿಸುವ ಕೈಗಳು

ಬೆಲೆ ಹೆಚ್ಚಿಸಲು ಹೋಗಿ ವಸ್ತುವನ್ನೇ ಕೆಡಿಸುವವರು ಎರಡು ಬಗೆ. ಮೊದಲನೆಯವರು ಪ್ರೀತಿಯಿಂದ ಕೆಡಿಸುವವರು. ಒಣಗಿದೆ ಎಂದು ಎಣ್ಣೆ ಬಳಿಯುತ್ತಾರೆ; ತೊಗಲು ಮೆತ್ತಗಾಗಿ ಬಣ್ಣ ಕಪ್ಪಾಗುತ್ತದೆ, ಅಚ್ಚು ಅಳಿಯುತ್ತದೆ. ಬೂಟು ಪಾಲಿಷ್ ಹಚ್ಚಿ ಮಿರುಗಿಸುತ್ತಾರೆ. ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದು, ಒಳಗೆ ಆಮ್ಲರಹಿತ ಕಾಗದ ತುಂಬಿ, ಬಿಸಿಲು ತೇವ ತಾಗದ ಕಡೆ ಇಟ್ಟರೆ ಸಾಕು. ಬಿಳಿಯ ಪುಡಿ ಕಂಡರೆ ಗಾಬರಿಯಾಗಬೇಕಿಲ್ಲ. ತುಸು ಶಾಖಕ್ಕೆ ಕರಗಿದರೆ ಅದು ತೊಗಲಿನ ಕೊಬ್ಬು. ಕರಗದೆ ಮುಗ್ಗಲು ವಾಸನೆ ಬಂದರೆ ಬೂಷ್ಟು.

ಎರಡನೆಯವರು ಲೋಭದಿಂದ ಕೆಡಿಸುವವರು. ಮುದ್ರೆ ಇಲ್ಲದ ಒರೆಗೆ ಹೆಸರುವಾಸಿ ಅಂಗಡಿಯ ಮುದ್ರೆಯನ್ನು ಈಗ ಒತ್ತಿಬಿಡುತ್ತಾರೆ. ಆದರೆ ಒಣಗಿದ ತೊಗಲು ಸುಳ್ಳು ಹೇಳಲು ಒಪ್ಪುವುದಿಲ್ಲ. ಹಳೆಯ ಮುದ್ರೆಯ ತಗ್ಗಿನಲ್ಲಿ ದಶಕಗಳ ಕೊಳೆ, ಮೇಣ ಕೂತಿರುತ್ತವೆ. ಸವೆತ ಸುತ್ತಲಿನ ತೊಗಲಿನಷ್ಟೇ ಇರುತ್ತದೆ. ಹೊಸ ಮುದ್ರೆ ಹಳೆಯ ಬಿರುಕುಗಳನ್ನು ತುಳಿದು ಕೂತಿರುತ್ತದೆ, ಅದರ ಅಂಚು ಚೂಪಾಗಿ ಉಳಿದಿರುತ್ತದೆ. ಇದು ಬಯಲಾದ ದಿನ ಒರೆಗೆ ಮೊದಲಿದ್ದ ಬೆಲೆಯೂ ಹೋಗುತ್ತದೆ. ಹೆಸರಿಲ್ಲದ ಪ್ರಾಮಾಣಿಕ ವಸ್ತು ಕಳ್ಳಹೆಸರಿನ ವಸ್ತುವಾಗುತ್ತದೆ.

ನಮ್ಮ ದೇಶದಲ್ಲಿ ಇಂಥದು ಸಿಕ್ಕವರು ಎರಡು ವಿಷಯ ಗಮನದಲ್ಲಿಡಬೇಕು. ಒರೆಯ ಜೊತೆ ರಿವಾಲ್ವರ್ ಇದ್ದರೆ ಮಕ್ಕಳ ಕೈಗೆ ಕೊಡದೆ ತಕ್ಷಣ ಪೊಲೀಸರಿಗೆ ತಿಳಿಸಬೇಕು. 1959ರ ಆಯುಧ ಕಾಯಿದೆಯಂತೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ ಹೊರದೇಶಕ್ಕೆ ಮಾರುವ ಮುನ್ನ ವಿಚಾರಿಸಬೇಕು.

ಒಳ್ಳೆಯ ಸಂಗ್ರಾಹಕ ಕೊನೆಗೆ ಒಂದು ಚೀಟಿ ಬರೆದು ಒರೆಯ ಜೊತೆ ಇಡುತ್ತಾನೆ: ‘ಅಮೆರಿಕ, ಸುಮಾರು 1902–1945. ತೊಗಟೆಯಲ್ಲಿ ಹದ ಮಾಡಿದ ತೊಗಲು, ಯಂತ್ರದ ಹೊಲಿಗೆ. ನಾಲ್ಕು ಅಂಗುಲ ನಳಿಗೆಯ ಮಧ್ಯಮ ಗಾತ್ರದ ರಿವಾಲ್ವರಿನದು. ತಯಾರಕ: ತಿಳಿಯದು.’ ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಜಾಗವನ್ನು ಏನಾದರೂ ಗೀಚಿ ತುಂಬಿಸುವುದನ್ನು ಮಕ್ಕಳು ಬೇಗ ಕಲಿತುಬಿಡುತ್ತಾರೆ. ಅಂಕ ಎಷ್ಟು ಎಂದು ಮಾತ್ರ ಕೇಳುವ ಹಿರಿಯರೂ ಅದಕ್ಕೆ ಸ್ವಲ್ಪ ಹೊಣೆ. ಆದರೆ ತಿಳಿದದ್ದನ್ನೆಲ್ಲ ಹೇಳಿ, ತಿಳಿಯದ ಕಡೆ ‘ತಿಳಿಯದು’ ಎಂದು ಬರೆಯುವುದೂ ಒಂದು ಉತ್ತರವೇ. ಆ ಒಂದು ಮಾತಿನಿಂದಲೇ ಚೀಟಿಯ ಉಳಿದ ಮಾತುಗಳ ಮೇಲೆ ಓದುವವನಿಗೆ ನಂಬಿಕೆ ಬರುತ್ತದೆ.